ಇದನ್ನೂ ನೋಡಿ

ಪರ್ಲ್ ಭಾಷೆಯ ಮಾಡ್ಯೂಲೊಂದರ ಕೈಪಿಡಿ ಸಿಕ್ಕರೆ ನಾನು ಓದಲು ಶುರುಮಾಡುವುದು ಕೊನೆಯಿಂದ. ಅಲ್ಲಿ 'ಸೀ ಆಲ್ಸೋ' ಎಂಬ ತಲೆಬರಹವಿರುತ್ತದೆ. ಅದರಡಿಯಲ್ಲಿ, ಅದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡುವ ಬೇರೆಯವರ ಮಾಡ್ಯೂಲುಗಳನ್ನು ಲೇಖಕರೇ ಹೆಸರಿಸಿರುತ್ತಾರೆ. ನನ್ನದು ನಿಮಗೆ ಹೊಂದದಿದ್ದರೆ ಇವನ್ನೂ ನೋಡಿ, ಅಂತ. ಹೀಗೆ ಬರೆಯಲೇಬೇಕೆಂಬ ಕಟ್ಟಳೆ ಏನೂ ಇಲ್ಲ. ಆದರೂ ಬರೆಯುತ್ತಾರೆ.

ಟ್ರೈ::ಟೈನಿ ಎಂಬ ಪುಟ್ಟ ಮಾಡ್ಯೂಲನ್ನೇ ತೆಗೆದುಕೊಳ್ಳಿ. 2009ರಲ್ಲಿ ಯುವಾಲ್ ಕಾಗ್ಮನ್ ಬರೆದದ್ದು. ಓಡುತ್ತಿರುವ ಪ್ರೋಗ್ರಾಮು ಎಲ್ಲಾದರೂ ಎಡವಿದರೆ ಪೂರ್ತಿ ಬಿದ್ದುಹೋಗದಂತೆ ಹಿಡಿದುಕೊಳ್ಳುವುದು ಅದರ ಕೆಲಸ. ಇದಕ್ಕೆ ಪರ್ಲ್‌ನಲ್ಲಿ ಮೊದಲಿನಿಂದಲೂ 'ಇವ್ಯಾಲ್' ಎಂಬ ಉಪಾಯವಿತ್ತು. ಆದರೆ ಅದನ್ನು ಬಳಸುವಾಗ ಹಳೆಯ ದೋಷದ ಸುದ್ದಿ ಅಳಿಸಿಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಹೋದರೆ ಹೊಸ ದೋಷ ಮುಚ್ಚಿಹೋಗಬಹುದು. ಇನ್ನು ಕೆಲವು ಸಲ ದೋಷ ನಡೆದೇ ಇರುತ್ತದೆ, ಸುದ್ದಿ ಇರಬೇಕಾದ ಜಾಗ ಮಾತ್ರ ಖಾಲಿ. ಕೈಪಿಡಿ ಈ ಮೂರನ್ನೂ ಬಿಡಿಸಿ, ಉದಾಹರಣೆ ಕೊಟ್ಟು ಹೇಳುತ್ತದೆ. ಮಾಡ್ಯೂಲು ಬೇಡ ಅನ್ನುವವರೂ ಅಷ್ಟು ಭಾಗವನ್ನು ಓದಿದರೆ ಪರ್ಲ್ ಬಗ್ಗೆ ಒಂದಿಷ್ಟು ಕಲಿತಂತಾಗುತ್ತದೆ. ಆಮೇಲೆ ತನ್ನ ಮಿತಿಗಳ ಪಟ್ಟಿ. ಕೊನೆಗೆ ನೆರೆಹೊರೆಯವರ ಪಟ್ಟಿ. ಟ್ರೈಕ್ಯಾಚ್ ಎಂಬ ಇನ್ನೊಂದು ಮಾಡ್ಯೂಲಿನಲ್ಲಿ ಸೌಕರ್ಯ ಹೆಚ್ಚು, ಬಳಸಲೂ ಹಿತ, ಒಳಗಿನ ರಚನೆ ಮಾತ್ರ ಜಟಿಲ ಎಂದು ಹೊಗಳಿಕೆಯನ್ನೂ ಎಚ್ಚರಿಕೆಯನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಮುಂದೆ ಪಾಲ್ ಇವಾನ್ಸ್ ಅವರ ಸಿಂಟ್ಯಾಕ್ಸ್::ಕೀವರ್ಡ್::ಟ್ರೈ ಬಂದಾಗ ಅದೂ ಪಟ್ಟಿಗೆ ಸೇರಿತು. ಟ್ರೈ::ಟೈನಿಯಲ್ಲಿ ಬ್ಲಾಕಿನ ಒಳಗಿಂದ ನೇರವಾಗಿ ಫಂಕ್ಷನ್ನಿನ ಹೊರಗೆ ಬರಲಾಗುವುದಿಲ್ಲ, ಇವಾನ್ಸ್ ಅವರದರಲ್ಲಿ ಆಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿದರು. ಹಾಗೆ ಕೈತೋರಿಸಿದ ಆ ಇನ್ನೊಬ್ಬರ ಕೆಲಸವೇ ಬೆಳೆದು 2021ರಲ್ಲಿ, ಪರ್ಲ್ 5.34ರಲ್ಲಿ, ಪ್ರಾಯೋಗಿಕ ಸೌಲಭ್ಯವಾಗಿ ಭಾಷೆಯೊಳಗೇ ಬಂದು ಕೂತಿತು.

ಇಂಥ ಪುಟಗಳೆಲ್ಲ ಇರುವ ಜಾಗದ ಹೆಸರು ಸೀಪ್ಯಾನ್, ಅಂದರೆ ಕಾಂಪ್ರಹೆನ್ಸಿವ್ ಪರ್ಲ್ ಆರ್ಕೈವ್ ನೆಟ್‌ವರ್ಕ್. ಎರಡು ಲಕ್ಷಕ್ಕೂ ಮಿಕ್ಕಿದ ಮಾಡ್ಯೂಲುಗಳು, 14,000ಕ್ಕೂ ಹೆಚ್ಚು ಲೇಖಕರು. ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸುವವರು ತಮಗಾಗಿ ತಾವೇ ಕಟ್ಟಿಕೊಂಡ ನೆಲೆಗಳಲ್ಲಿ ಇದರಷ್ಟು ಚೆನ್ನಾದದ್ದನ್ನು ನಾನು ಕಂಡಿಲ್ಲ. ಸೊಗಸು ಇರುವುದು ನೋಟದಲ್ಲಲ್ಲ; ಬಹುಕಾಲ ಇದರ ಪುಟಗಳು ಬಿಳಿ ಹಾಳೆಯ ಮೇಲೆ ನೀಲಿ ಕೊಂಡಿಗಳಷ್ಟೇ ಆಗಿದ್ದವು. ಯಾರೆಂದು ಗೊತ್ತಿಲ್ಲದ, ಮುಂದೆ ಎಂದೋ ಬರಲಿರುವ ಒಬ್ಬರಿಗೆ ಏನು ಬೇಕಾದೀತು ಎಂದು ಮೊದಲೇ ಯೋಚಿಸಿ ಕಟ್ಟಿದ್ದಾರೆ. ಸೊಗಸು ಆ ಯೋಚನೆಯಲ್ಲಿದೆ.

ಲ್ಯಾರಿ ವಾಲ್ 1987ರ ಡಿಸೆಂಬರ್ 18ರಂದು ಪರ್ಲ್ ಅನ್ನು ಬಿಡುಗಡೆ ಮಾಡಿದರು. ಅವರು ಭಾಷಾಶಾಸ್ತ್ರ ಓದಿದವರು. ಆಡುಮಾತಿನಲ್ಲಿ ಒಂದು ವಿಷಯವನ್ನು ಹತ್ತು ರೀತಿ ಹೇಳಬಹುದಾದರೆ ಪ್ರೋಗ್ರಾಮಿನಲ್ಲೂ ಹೇಳಬಹುದಾಗಿರಬೇಕು ಎಂಬುದು ಅವರ ನಿಲುವು. ಒಂದೇ ಕೆಲಸಕ್ಕೆ ಹಲವು ದಾರಿ ಎಂಬುದು ಪರ್ಲಿಗರ ಘೋಷವಾಕ್ಯವೇ ಆಯಿತು. 1994ರಲ್ಲಿ ಪರ್ಲ್ 5 ಬಂದು, ಮಾಡ್ಯೂಲುಗಳನ್ನು ಬರೆದು ಹಂಚಿಕೊಳ್ಳುವುದು ಸುಲಭವಾದಾಗ ಈ ಸ್ವಾತಂತ್ರ್ಯ ತೊಡಕನ್ನೂ ತಂದಿತು. ಯಾರು ಏನು ಬರೆಯುತ್ತಿದ್ದಾರೆ? ಬರೆದದ್ದು ಎಲ್ಲಿದೆ? ಒಂದೇ ಹೆಸರಿನಲ್ಲಿ ಇಬ್ಬರು ಬರೆದರೆ ಗತಿಯೇನು?

ಟಿಮ್ ಬನ್ಸ್ ಮತ್ತು ಆಂಡ್ರಿಯಾಸ್ ಕೋನಿಗ್ ನಡೆಸುತ್ತಿದ್ದ 'ಮಾಡ್ಯೂಲ್ ಲಿಸ್ಟ್' ಆ ತೊಡಕಿಗೆ ಕೊಟ್ಟ ಮೊದಲ ಉತ್ತರ. ಒಂದು ಸಾದಾ ಪಠ್ಯದ ಕಡತ, ಅಷ್ಟೆ. ಪ್ರತಿ ಮಾಡ್ಯೂಲಿನ ಎದುರು ಕೆಲವು ಪುಟ್ಟ ಅಕ್ಷರಗಳು: ಕೆಲಸ ಯಾವ ಹಂತದಲ್ಲಿದೆ, ಸಹಾಯ ಎಲ್ಲಿ ಸಿಗುತ್ತದೆ, ಯಾವ ಭಾಷೆಯಲ್ಲಿ ಬರೆದದ್ದು, ಬಳಸುವ ಶೈಲಿ ಯಾವುದು. ಹಂತಗಳಲ್ಲಿ ಮೊದಲನೆಯದು 'ಐ', ಅಂದರೆ ಐಡಿಯಾ, ಬರೀ ಆಲೋಚನೆ. ಒಂದು ಸಾಲೂ ಬರೆಯದವರು ಇಂಥದೊಂದನ್ನು ಮಾಡಬೇಕೆಂದಿದ್ದೇನೆ ಎಂದು ಹೆಸರು ಬರೆಸಬಹುದಿತ್ತು. ನೋಡಿದ ಇನ್ನೊಬ್ಬರು ಬಂದು ಕೈಜೋಡಿಸಬಹುದು, ಇಲ್ಲವೇ ಆ ಹೆಸರು ಬೇಡ ಎಂದು ಸಲಹೆ ಕೊಡಬಹುದು. ಹುಟ್ಟದ ಕೃತಿಗೂ ಸಾಲೊಂದನ್ನು ಬಿಟ್ಟುಕೊಟ್ಟ ಸೂಚಿ ಅದು.

ಪಟ್ಟಿಯಾಯಿತು, ಇನ್ನು ಭಂಡಾರ ಬೇಕಿತ್ತು. ಅಕ್ಷರಜೋಡಣೆಯ ಟೆಕ್ ವ್ಯವಸ್ಥೆಯನ್ನು ಬಳಸುವವರು ಸೀಟ್ಯಾನ್ ಎಂಬ ಸಂಗ್ರಹವನ್ನು ಅಷ್ಟರಲ್ಲೇ ಕಟ್ಟಿಕೊಂಡಿದ್ದರು. ಫಿನ್ಲೆಂಡಿನ ಯರ್ಕೊ ಹಿಯೆತಾನಿಯೆಮಿ ಅದೇ ಮಾದರಿಯಲ್ಲಿ ಪರ್ಲಿಗೂ ಒಂದನ್ನು ಕಟ್ಟಲು ಹೊರಟರು. 1995ರ ಅಕ್ಟೋಬರಿನಲ್ಲಿ ಸೀಪ್ಯಾನ್ ಎಲ್ಲರಿಗೂ ತೆರೆಯಿತು. ಅದರ ಮೂಲ ಪ್ರತಿ ಇದ್ದದ್ದು ಫಿನ್ಲೆಂಡಿನ ವಿಶ್ವವಿದ್ಯಾಲಯಗಳ ಜಾಲವಾದ ಫುನೆಟ್‌ನ ಸರ್ವರಿನಲ್ಲಿ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಅವರ ಮೊದಲ ಲಿನಕ್ಸ್ ಕರ್ನೆಲ್ ಹೊರಜಗತ್ತಿಗೆ ಸಿಕ್ಕಿದ್ದೂ ಅಲ್ಲಿಂದಲೇ. ಯರ್ಕೊ ತಮ್ಮನ್ನು ಸ್ವಯಂನೇಮಿತ ಮುಖ್ಯ ಗ್ರಂಥಪಾಲಕ ಎಂದು ಕರೆದುಕೊಂಡು, ಆ ಬಿರುದಿನ ಜೊತೆಗೆ 'ಊಕ್' ಎಂದು ಸೇರಿಸಿದರು. ಟೆರಿ ಪ್ರಾಟ್ಚೆಟ್ ಅವರ ಡಿಸ್ಕ್‌ವರ್ಲ್ಡ್ ಕಾದಂಬರಿಗಳಲ್ಲಿ ಒರಾಂಗುಟಾನ್ ಆಗಿಬಿಟ್ಟ ಗ್ರಂಥಪಾಲಕ ಆಡುವ ಮಾತು ಹೆಚ್ಚುಕಡಿಮೆ ಅದೊಂದೇ.

ಭಂಡಾರದ ಒಳಗಿನ ಜೋಡಣೆಯನ್ನು ನೋಡುವುದೇ ನನಗೊಂದು ಸಂತೋಷ. ಪ್ರತಿ ಲೇಖಕರಿಗೂ ಒಂದು ಚಿಕ್ಕ ಹೆಸರು: ಯರ್ಕೊ 'ಜೆಎಚ್‌ಐ', ಟಿಮ್ 'ಟಿಮ್‌ಬಿ', ಆಂಡ್ರಿಯಾಸ್ 'ಎಎನ್‌ಡಿಕೆ'. ಅವರವರ ಕೃತಿಗಳಿರುವ ದಾರಿ ಹೀಗೆ: ಮೊದಲು ಹೆಸರಿನ ಮೊದಲಕ್ಷರ, ಅದರೊಳಗೆ ಮೊದಲ ಎರಡಕ್ಷರ, ಅದರೊಳಗೆ ಪೂರ್ತಿ ಹೆಸರು. ಜೆ, ಜೆಎಚ್, ಜೆಎಚ್‌ಐ. ಹುಡುಕುವ ಯಂತ್ರಗಳು ಇನ್ನೂ ಎಳೆಯವಾಗಿದ್ದ ಕಾಲದಲ್ಲಿ ಕೈಯಲ್ಲೇ ತಡಕಿ ಹೋಗುವವರಿಗೂ ದಾರಿ ತಪ್ಪದು. ಯಾವ ಕೋಶವೂ ತುಂಬಿ ಭಾರವಾಗದು. ಇಡೀ ಸಂಗ್ರಹಕ್ಕೆ ಒಂದು ಸೂಚಿ: ಸಾಲಿಗೊಂದು ಮಾಡ್ಯೂಲು, ಅದರ ಆವೃತ್ತಿ, ಅದಿರುವ ದಾರಿ, ಮೂರೇ ಕಂಬಸಾಲು. ಎಲ್ಲವೂ ಬರೀ ಕಡತಗಳಾದ್ದರಿಂದ ಬೇಕಾದವರು ನಕಲು ಮಾಡಿ ತಮ್ಮಲ್ಲೂ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡರು. ಹಲವು ದೇಶಗಳ ವಿಶ್ವವಿದ್ಯಾಲಯಗಳು, ಸಂಸ್ಥೆಗಳು ಮಿರರ್ ಆದವು. ನಿಧಾನದ ಸಂಪರ್ಕವಿದ್ದವರು ಹತ್ತಿರದ ಮಿರರಿನಿಂದ ಪಡೆದರು. ಯಾರೊಬ್ಬರ ಯಂತ್ರ ಕೆಟ್ಟರೂ ಭಂಡಾರಕ್ಕೆ ಕುಂದಿಲ್ಲ.

ಇನ್ನು ಬರವಣಿಗೆ. ಪರ್ಲ್‌ನಲ್ಲಿ ಕೈಪಿಡಿಯನ್ನು ಬರೆಯುವುದು ಪ್ರೋಗ್ರಾಮಿನ ಕಡತದಲ್ಲೇ. 'ಪಾಡ್', ಪ್ಲೇನ್ ಓಲ್ಡ್ ಡಾಕ್ಯುಮೆಂಟೇಷನ್, ಅದರ ಹೆಸರು. ಸಮಚಿಹ್ನೆಯೊಂದರಿಂದ ಸಾಲು ಶುರುವಾದರೆ ಅಲ್ಲಿಂದ ಮುಂದಿನದು ಮನುಷ್ಯರಿಗೆ. 'ಕಟ್' ಎಂಬ ಸಾಲು ಬಂದ ಮೇಲೆ ಮತ್ತೆ ಯಂತ್ರಕ್ಕೆ. ಕೋಡನ್ನು ತಿದ್ದುವಾಗ ಅದರ ವಿವರಣೆ ಕಣ್ಣೆದುರೇ ಇರುತ್ತದೆ, ಅದನ್ನು ತಿದ್ದದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಸೀಪ್ಯಾನಿನ ಪುಟಗಳು ತಯಾರಾಗುವುದು ಇದೇ ಪಾಡ್‌ನಿಂದ. ಯುನಿಕ್ಸ್‌ನ ಹಳೆಯ ಕೈಪಿಡಿಗಳಿಂದ ಬಂದ ಕ್ರಮವನ್ನೇ ಎಲ್ಲರೂ ಹಿಡಿದಿದ್ದಾರೆ: ಮೊದಲು ಹೆಸರು, ಅದರ ಪಕ್ಕ ಒಂದು ಸಾಲಿನ ಪರಿಚಯ, ಆಮೇಲೆ ಸಿನಾಪ್ಸಿಸ್, ಆಮೇಲೆ ವಿವರ. ಈ ಸಿನಾಪ್ಸಿಸ್ ಅನ್ನು ನಾನು ಒಂದು ಸಾಹಿತ್ಯಪ್ರಕಾರವೆಂದೇ ಎಣಿಸುತ್ತೇನೆ. ಹತ್ತು ಹದಿನೈದು ಸಾಲಿನ ಕೋಡು. ಹಾಗೆಯೇ ತೆಗೆದು ತಮ್ಮ ಪ್ರೋಗ್ರಾಮಿನಲ್ಲಿ ಇಟ್ಟುಕೊಂಡರೆ ಕೆಲಸ ಶುರುವಾಗಬೇಕು, ಓದಿದ ಕೂಡಲೇ ಲೇಖಕರ ಮನಸ್ಸು ತಿಳಿಯಬೇಕು. ನಾಲ್ಕನೆಯ ಸಾಲಿಗೇ ಕಗ್ಗಂಟಾಗುವ ಸಿನಾಪ್ಸಿಸ್ ಇರುವ ಮಾಡ್ಯೂಲನ್ನು ನಾನು ನಂಬುವುದಿಲ್ಲ.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಸೀಪ್ಯಾನ್ ಟೆಸ್ಟರ್ಸ್. ಮಾಡ್ಯೂಲನ್ನು ಏರಿಸುವವರು ಅದರ ಜೊತೆ 't' ಎಂಬ ಕೋಶದಲ್ಲಿ ಪರೀಕ್ಷೆಗಳನ್ನೂ ಇಡುವುದು ರೂಢಿ. ನಮ್ಮ ಲಿಪಿಯಲ್ಲಿ ಬರೆದರೆ ಬರೀ 'ಟಿ'. ಯಾರಾದರೂ ಆ ಮಾಡ್ಯೂಲನ್ನು ಸ್ಥಾಪಿಸಿಕೊಳ್ಳುವಾಗ ಮೊದಲು ಆ ಪರೀಕ್ಷೆಗಳು ಅವರ ಯಂತ್ರದಲ್ಲಿ ನಡೆಯುತ್ತವೆ, ಗೆದ್ದರಷ್ಟೇ ಮುಂದಿನ ಹೆಜ್ಜೆ. 1998ರಲ್ಲಿ ಗ್ರಹಾಂ ಬಾರ್ ಮತ್ತು ಕ್ರಿಸ್ ನ್ಯಾಂಡರ್ ಇದನ್ನೇ ಒಂದು ಸಾಮೂಹಿಕ ಸೇವೆಯನ್ನಾಗಿ ಮಾಡಿದರು. ಹೊಸ ಮಾಡ್ಯೂಲು ಬಂದ ಕೂಡಲೇ ಸ್ವಯಂಸೇವಕರ ಯಂತ್ರಗಳು ಅದನ್ನು ತಾವಾಗಿ ಇಳಿಸಿಕೊಂಡು, ಪರೀಕ್ಷಿಸಿ, ವರದಿ ಕಳಿಸುತ್ತವೆ. ಲಿನಕ್ಸ್, ವಿಂಡೋಸ್, ಫ್ರೀಬಿಎಸ್‌ಡಿ, ಸೋಲಾರಿಸ್. ಪರ್ಲ್‌ನ ಹೊಸ ಆವೃತ್ತಿ, ಹತ್ತು ವರ್ಷ ಹಳೆಯದು, ಇನ್ನೂ ಬಿಡುಗಡೆಯಾಗದ್ದು. ನೀವು ಮಾಡಿದ ಅಡುಗೆಯ ಉಪ್ಪು ಹುಳಿಯನ್ನು ಕೇರಿಯವರೆಲ್ಲ ಬಂದು ನೋಡಿ, ಹೆಚ್ಚುಕಡಿಮೆ ಹೇಳಿ, ಕೂಲಿ ಕೇಳದೆ ಹೋದ ಹಾಗೆ.

ವರದಿಗಳೆಲ್ಲ ಸೇರಿ ಒಂದು ಕೋಷ್ಟಕವಾಗುತ್ತವೆ. ಸ್ಲಾವೆನ್ ರೆಜಿಚ್ ಮಾಡಿದ 'ಮ್ಯಾಟ್ರಿಕ್ಸ್' ಅದು. ಒಂದು ಬದಿಯಲ್ಲಿ ಪರ್ಲ್ ಆವೃತ್ತಿಗಳು, ಮೇಲೆ ಆಪರೇಟಿಂಗ್ ಸಿಸ್ಟಮ್‌ಗಳು, ನಡುವೆ ಮನೆಮನೆಯಲ್ಲೂ ಬಣ್ಣ: ಗೆದ್ದರೆ ಹಸಿರು, ಸೋತರೆ ಕೆಂಪು. ಇದನ್ನು ಓದುವುದಕ್ಕೆ ಒಂದು ಅಭ್ಯಾಸ ಬೇಕು. ಒಂದು ಕಂಬಸಾಲು ಪೂರ್ತಿ ಕೆಂಪಾಗಿ ಉಳಿದದ್ದು ಹಸಿರಾಗಿದ್ದರೆ ಆ ಸಿಸ್ಟಮ್ಮಿನ ಯಾವುದೋ ಗುಣ ಲೇಖಕರಿಗೆ ತಿಳಿದಿರಲಿಲ್ಲ. ಒಂದು ಆವೃತ್ತಿಯಿಂದ ಕೆಳಕ್ಕೆಲ್ಲ ಕೆಂಪಾದರೆ, ಹಳೆಯ ಪರ್ಲ್‌ನಲ್ಲಿ ಇಲ್ಲದ ಸೌಲಭ್ಯವೊಂದನ್ನು ಗೊತ್ತಿಲ್ಲದೆ ಬಳಸಿದ್ದಾರೆ. ಅಲ್ಲೊಂದು ಇಲ್ಲೊಂದು ಚದುರಿದ ಕೆಂಪೇ ಕಠಿಣ. ಅದು ಸಮಯಕ್ಕೋ ಕ್ರಮಕ್ಕೋ ಸಂಬಂಧಿಸಿದ ದೋಷ, ಸುಲಭಕ್ಕೆ ಕೈಗೆ ಸಿಗದು. ಮಾಡ್ಯೂಲನ್ನು ಏರಿಸಿ ಮಲಗಿ ಎದ್ದವರಿಗೆ ಬೆಳಿಗ್ಗೆ ಈ ಚಿತ್ರ ಕಾದಿರುತ್ತದೆ. ವರದಿಗಳ ಸಂಖ್ಯೆ ಕೋಟಿಯನ್ನು ಎಂದೋ ದಾಟಿದೆ. ತಾವು ಬಳಸದ, ಮುಂದೆಯೂ ಬಳಸಲಾರದ ಮಾಡ್ಯೂಲುಗಳಿಗಾಗಿ ವಿದ್ಯುತ್ತಿನ ಬಿಲ್ಲು ಕಟ್ಟುತ್ತಾ ಬಂದವರಿದ್ದಾರೆ. ಅವರ ವಿಷಯದಲ್ಲಿ ನನಗಿರುವುದು ಗೌರವವೊಂದೇ.

ಪರೀಕ್ಷೆ ಹೇಳುವ ಮಾತೂ ಎಷ್ಟು ಸರಳ! 'ಓಕೆ 1', 'ಓಕೆ 2', 'ನಾಟ್ ಓಕೆ 3'. ಲ್ಯಾರಿ ವಾಲ್ 1987ರ ಮೊಟ್ಟಮೊದಲ ಪರ್ಲ್ ಜೊತೆಗೆ ಕೊಟ್ಟ ಪರೀಕ್ಷೆಗಳು ಹೀಗೇ ಮಾತಾಡುತ್ತಿದ್ದವು. ಟ್ಯಾಪ್ ಎಂಬ ಹೆಸರು ಇದಕ್ಕೆ ಆಮೇಲೆ ಬಂತು. ಇವತ್ತು ಗಿಟ್‌ನ ಪರೀಕ್ಷೆಗಳೂ ವರದಿ ಕೊಡುವುದು ಇದೇ ನುಡಿಯಲ್ಲಿ.

ಅಳಿಸಿದ್ದನ್ನು ಉಳಿಸುವ ಏರ್ಪಾಡೂ ಇದೆ. ಸೀಪ್ಯಾನಿನಿಂದ ತಮ್ಮ ಹಳೆಯ ಆವೃತ್ತಿಯನ್ನು ತೆಗೆದುಹಾಕುವ ಹಕ್ಕು ಲೇಖಕರಿಗಿದೆ. ಆದರೆ ಬ್ಯಾಕ್‌ಪ್ಯಾನ್ ಎಂಬ ಇನ್ನೊಂದು ಸಂಗ್ರಹದಲ್ಲಿ ಅದು ಇದ್ದೇ ಇರುತ್ತದೆ. ಒಮ್ಮೆ ಬಳಸಿದ ಕಡತದ ಹೆಸರನ್ನು ಇನ್ನೊಮ್ಮೆ ಬಳಸಲು ಬಿಡುವುದಿಲ್ಲ. ಒಂದು ಹೆಸರು, ಒಂದೇ ವಸ್ತು. 2016ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟಿನ ಎನ್‌ಪಿಎಂ ಭಂಡಾರದಿಂದ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಹಿಂತೆಗೆದಾಗ ಲೋಕದ ತುಂಬ ಪ್ರಾಜೆಕ್ಟುಗಳು ನಿಂತುಹೋದವು. ಬ್ಯಾಕ್‌ಪ್ಯಾನಿನ ಬೆಲೆ ಆಗ ನನಗೆ ಸರಿಯಾಗಿ ಅರಿವಾಯಿತು.

ಸೀಪ್ಯಾನಿಗೆ ಕುಂದುಗಳೂ ಇವೆ. ಒಳ್ಳೆಯದು ಕೆಟ್ಟದ್ದು ನೋಡಿ ಒಳಗೆ ಬಿಡುವ ಕಾವಲಿಲ್ಲ, ಹೀಗಾಗಿ ಪಾಳುಬಿದ್ದ ಮಾಡ್ಯೂಲುಗಳು ಸಾವಿರಾರು. ಒಂದು ಸಣ್ಣ ಕೆಲಸಕ್ಕೆ ಎಂಟು ಹತ್ತು ಆಯ್ಕೆಗಳು ಎದುರಾಗಿ ಹೊಸಬರು ಕಂಗಾಲಾಗುತ್ತಾರೆ. ಪರ್ಲ್‌ಗೆ ಈಗ ಹಿಂದಿನ ಮೆರೆತವೂ ಇಲ್ಲ. ಕಾಲೇಜು ಮುಗಿಸಿ ಬರುವವರು ಪೈಥಾನ್ ಕಲಿತಿರುತ್ತಾರೆ. ಆದರೆ ಕಾವಲಿಟ್ಟು ಆಯ್ದು ಕೊಡುವ ಭಂಡಾರಕ್ಕಿಂತ ಎಲ್ಲರನ್ನೂ ಬಿಟ್ಟುಕೊಂಡು, ಒಬ್ಬರು ಇನ್ನೊಬ್ಬರತ್ತ ಕೈತೋರಿಸುವ ಭಂಡಾರವೇ ನನಗೆ ಇಷ್ಟ. ಬರೀ ತಮಾಷೆಗೆಂದೇ ಆಕ್ಮೆ ಎಂಬ ಕೇರಿ ಅಲ್ಲಿದೆ. ಡೇಮಿಯನ್ ಕಾನ್ವೇ ಬರೆದ ಆಕ್ಮೆ::ಬ್ಲೀಚ್ ನಿಮ್ಮ ಪ್ರೋಗ್ರಾಮನ್ನು ಒಗೆದು, ತನ್ನನ್ನು ಕರೆಯುವ ಸಾಲೊಂದನ್ನು ಬಿಟ್ಟರೆ ಖಾಲಿ ಜಾಗ, ಟ್ಯಾಬ್‌ಗಳಷ್ಟೇ ಉಳಿಯುವಂತೆ ಮಾಡುತ್ತದೆ. ಆ ಬಿಳಿ ಹಾಳೆ ಆಮೇಲೂ ಓಡುತ್ತದೆ.

ಈ ಎಲ್ಲದಕ್ಕೂ ಮುಖವಾಗಿ ಬಹುಕಾಲ ಇದ್ದದ್ದು ಗ್ರಹಾಂ ಬಾರ್ ಕಟ್ಟಿದ ಶೋಧತಾಣ, ಸರ್ಚ್ ಡಾಟ್ ಸೀಪ್ಯಾನ್ ಡಾಟ್ ಆರ್ಗ್. ಪರ್ಲಿಗರು ದಿನಬೆಳಗಾದರೆ ಬಳಸುವ ಲಿಸ್ಟ್::ಯುಟಿಲ್ ಬರೆದವರೂ ಇವರೇ. ಆ ತಾಣದ ಕೋಡು ಇತರರಿಗೆ ತೆರೆದಿರಲಿಲ್ಲ, ಹಾಗಾಗಿ ಸುಧಾರಿಸಬೇಕೆಂದಿದ್ದವರು ಕೈಕಟ್ಟಿ ಕೂರಬೇಕಿತ್ತು. 2010ರ ಹೊತ್ತಿಗೆ ಓಲಾಫ್ ಆಲ್ಡರ್ಸ್ ಮತ್ತು ಗೆಳೆಯರು ಮೆಟಾಸೀಪ್ಯಾನ್ ಶುರುಮಾಡಿದರು. ಅವರು ಒತ್ತುಕೊಟ್ಟದ್ದು ಪುಟಗಳಿಗಿಂತ ಅವುಗಳ ಹಿಂದಿನ ಎಪಿಐಗೆ. ಸೀಪ್ಯಾನಿನ ಎಲ್ಲ ಮಾಹಿತಿಯನ್ನೂ ಯಾರು ಬೇಕಾದರೂ ಕೇಳಿ ಪಡೆಯಬಹುದು, ತಮಗೆ ಬೇಕಾದ ಮುಖವನ್ನು ತಾವೇ ಕಟ್ಟಿಕೊಳ್ಳಬಹುದು. ತಾಣದ ಕೋಡು ಕೂಡ ಎಲ್ಲರದು. ಮಾಡ್ಯೂಲು ಮೆಚ್ಚಿಗೆಯಾದರೆ ಒತ್ತುವ ಗುಂಡಿಯ ಮೇಲೆ ಎರಡು ಕೂಡುಚಿಹ್ನೆಗಳಿವೆ. ಪರ್ಲ್‌ನಲ್ಲಿ ಒಂದು ಸಂಖ್ಯೆಯನ್ನು ಒಂದರಷ್ಟು ಏರಿಸಲು ಬರೆಯುವುದೇ ಹಾಗೆ. ಪಕ್ಕದಲ್ಲಿ ನದಿಯ ಒಂದು ಪುಟ್ಟ ಚಿತ್ರ: ನೀಲ್ ಬೋವರ್ಸ್ ಅವರ ಕಲ್ಪನೆಯಂತೆ, ಎಷ್ಟು ಮಾಡ್ಯೂಲುಗಳು ಇದನ್ನು ನೆಚ್ಚಿಕೊಂಡಿವೆಯೋ ಅಷ್ಟು ಇದು ನದಿಯ ಮೇಲುಗಡೆ ಇದೆ. ಮೇಲಿನವರು ಏನನ್ನಾದರೂ ಬದಲಿಸುವ ಮುನ್ನ ಕೆಳಗಿನವರನ್ನು ನೆನೆಯಲಿ ಅಂತ.

2018ರ ಜೂನಿನಲ್ಲಿ ಹಳೆಯ ತಾಣ ಮುಚ್ಚಿತು. ಅಷ್ಟರಲ್ಲಿ ಅದರ ವಿಳಾಸಗಳು ಪುಸ್ತಕಗಳಲ್ಲಿ, ಪತ್ರಗಳಲ್ಲಿ, ಕೋಡಿನ ಟಿಪ್ಪಣಿಗಳಲ್ಲಿ ಎಣಿಕೆಗೆ ಸಿಗದಷ್ಟು ಹರಡಿದ್ದವು. ಅವು ಯಾವುವೂ ಕೆಡದಂತೆ ಹಳೆಯ ವಿಳಾಸಕ್ಕೆ ಹೋದವರನ್ನು ಮೆಟಾಸೀಪ್ಯಾನಿನ ಸರಿಯಾದ ಪುಟಕ್ಕೆ ಕರೆದೊಯ್ಯುವ ಏರ್ಪಾಡು ಮಾಡಿದರು. ತಾಣವನ್ನು ಕಟ್ಟುವವರು ಬಹಳ, ಹೀಗೆ ಮುಚ್ಚಬಲ್ಲವರು ವಿರಳ.

ಮನುಷ್ಯರ ಬದುಕು ಬದಲಾಗುತ್ತದೆ ಎಂಬುದೂ ಇವರ ಲೆಕ್ಕದಲ್ಲಿದೆ. ಏರಿಸುವ ವ್ಯವಸ್ಥೆಯಾದ ಪಾಸ್‌ನಲ್ಲಿ ಮೂರು ವಿಶೇಷ ಹೆಸರುಗಳಿವೆ. ಲೇಖಕರು ತಮ್ಮ ಮಾಡ್ಯೂಲಿಗೆ 'ನೀಡ್‌ಹೆಲ್ಪ್' ಅನ್ನು ಜೊತೆಗಾರನಾಗಿ ಸೇರಿಸಿದರೆ ಸಹಾಯ ಬೇಕಿದೆ ಎಂದರ್ಥ. 'ಹ್ಯಾಂಡಾಫ್' ಸೇರಿಸಿದರೆ ಒಪ್ಪಿಸಲು ಸಿದ್ಧ. 'ಅಡಾಪ್ಟ್‌ಮಿ' ಇದ್ದರೆ ನೋಡಿಕೊಳ್ಳುವವರಿಲ್ಲ, ಯಾರಾದರೂ ದತ್ತು ತೆಗೆದುಕೊಳ್ಳಿ. 2015ರಲ್ಲಿ ನೀಲ್ ಬೋವರ್ಸ್ ಒಂದು ಸವಾಲು ಒಡ್ಡಿದರು: ಸೇರಿದವರಿಗೆ ತಿಂಗಳಿಗೊಂದು ಮಾಡ್ಯೂಲು ಹಂಚುವುದು, ಅವರು ಅದರಲ್ಲಿ ಏನನ್ನಾದರೂ ತಿದ್ದಿ ಕೊಡುವುದು. ಕೈಪಿಡಿಯ ಕಾಗುಣಿತವೇ ಆದರೂ ಸರಿ. ಎಷ್ಟೋ ವರ್ಷ ಯಾರೂ ಮುಟ್ಟದ ಮಾಡ್ಯೂಲುಗಳ ಲೇಖಕರಿಗೆ ಅಪರಿಚಿತರಿಂದ ತಿದ್ದುಪಡಿ ಹೋಯಿತು.

ಇದರಲ್ಲಿ ಕನ್ನಡಕ್ಕೂ ಪಾಲಿದೆ. ಯುನಿಕೋಡನ್ನು ಚೆನ್ನಾಗಿ ಅರಗಿಸಿಕೊಂಡ ಪರ್ಲ್ 5.8 ಹೊರಬಂದದ್ದು 2002ರ ಜುಲೈಯಲ್ಲಿ. ಆ ಬಿಡುಗಡೆಯ ಹೊಣೆ ಹೊತ್ತವರು ಅದೇ ಗ್ರಂಥಪಾಲಕ ಯರ್ಕೊ. ಯುನಿಕೋಡ್ ಅರಿಯದ ಪರ್ಲ್‌ಗೆ 'ಕನ್ನಡ' ಎಂಬುದು 15 ಬೈಟುಗಳ ಸರಣಿ. ಅರಿತದ್ದಕ್ಕೆ ಕ, ನ, ಹಲಂತಚಿಹ್ನೆ, ನ, ಡ ಎಂದು 5 ಘಟಕ. ಮಾದರಿ ಹುಡುಕುವಾಗ ಕನ್ನಡ ಲಿಪಿಯ ಅಕ್ಷರಗಳನ್ನಷ್ಟೇ ಕೊಡು ಎಂದು ಕೇಳಬಹುದು. ಚರಕ್ಕೆ ಕನ್ನಡದಲ್ಲೇ ಹೆಸರಿಡಬಹುದು. ಸೀಪ್ಯಾನಿನ ಡೇಟ್‌ಟೈಮ್::ಲೊಕೇಲ್ ಮಾಡ್ಯೂಲಿನಲ್ಲಿ ಕನ್ನಡದ ಕಡತವಿದೆ. ಸೋಮವಾರ, ಜನವರಿ ಎಂದು ನಮ್ಮ ಅಕ್ಷರದಲ್ಲೇ ದಿನಾಂಕ ಬರೆಯುತ್ತದೆ.

ಸೀಪ್ಯಾನಿನಲ್ಲಿ ಮಾತಿನ ಭಾಷೆಗಳಿಗೆಂದು ಲಿಂಗ್ವಾ ಎಂಬ ಹೆಸರು ಮೀಸಲಿದೆ, ಅದರ ಮುಂದೆ ಭಾಷೆಯ ಎರಡಕ್ಷರದ ಸಂಕೇತ. ಡೇಮಿಯನ್ ಕಾನ್ವೇ ಅವರ ಲಿಂಗ್ವಾ::ಇಎನ್::ಇನ್ಫ್ಲೆಕ್ಟ್ ಇಂಗ್ಲಿಷ್ ನಾಮಪದಗಳನ್ನು ಬಹುವಚನ ಮಾಡುತ್ತದೆ, ಅಡ್ಡಾದಿಡ್ಡಿ ರೂಪಗಳನ್ನೂ ಬಿಡದೆ. ಕನ್ನಡದ ತಂತ್ರಾಂಶಗಳಲ್ಲಿ 'ಮರ ಅನ್ನು ಅಳಿಸಿ', 'ಗುರು ಅನ್ನು ಸೇರಿಸಿ' ಎಂಬಂಥ ವಾಕ್ಯಗಳನ್ನು ನಾವೆಲ್ಲ ದಿನವೂ ಓದುತ್ತೇವೆ, ಸಹಿಸುತ್ತೇವೆ. ವಿಭಕ್ತಿಯನ್ನು ಸರಿಯಾಗಿ ಹಚ್ಚುವ ಒಂದು ಮಾಡ್ಯೂಲನ್ನು ಯಾರಾದರೂ ಲಿಂಗ್ವಾ::ಕೆಎನ್ ಅಡಿಯಲ್ಲಿ ಬರೆದು ಏರಿಸಬೇಕೆಂದು ನನಗೆ ತುಂಬ ಆಸೆ. ಬರೆಯುವವರು 'ಟಿ' ಕೋಶದಿಂದಲೇ ಶುರುಮಾಡಲಿ. ಮರ ಕೊಟ್ಟರೆ ಮರವನ್ನು ಬರಬೇಕು, ಮನೆಗೆ ಮನೆಯನ್ನು, ಗುರುವಿಗೆ ಗುರುವನ್ನು, ಹುಡುಗನಿಗೆ ಹುಡುಗನನ್ನು. ಫೈಲ್ ಕೊಟ್ಟರೆ ಫೈಲನ್ನು.